ಅಣ್ಣನ ಮಗಳು, ನನ್ನ ಅರ್ಜಿ

ಮಗುವಿನ ಜನನ ಪ್ರಮಾಣಪತ್ರ ಕಳಿಸಿ ಎಂಬ ಪತ್ರ ಬಂದ ಹೊತ್ತಿಗೆ ನಾನು ಬಾಯ್ಲರಿನ ಒಳಗಿದ್ದೆ. ದಾಂಡೇಲಿಯ ಕಾಗದದ ಗಿರಣಿಯಲ್ಲಿ ವರ್ಷಕ್ಕೊಮ್ಮೆ ಯಂತ್ರಗಳನ್ನೆಲ್ಲ ನಿಲ್ಲಿಸಿ ದುರಸ್ತಿಗೆ ಬಿಡುತ್ತಾರೆ. ಗುತ್ತಿಗೆದಾರರ ಕಡೆಯ ವೆಲ್ಡರುಗಳಾದ ನಮಗೆ ಆ ದಿನಗಳೇ ಸುಗ್ಗಿ. ಮಗ್ಗಲು ಬದಲಿಸಲೂ ಜಾಗವಿಲ್ಲದ ಸಂದಿಯಲ್ಲಿ ಅಂಗಾತ ಮಲಗಿ, ಸವೆದ ಕೊಳವೆಯನ್ನು ಕತ್ತರಿಸಿ ತೆಗೆದು, ಹೊಸ ತುಂಡು ಕೂಡಿಸಿ ಬೆಸೆಯಬೇಕು. ಒಳಗೆ ಒಬ್ಬನಿಗಷ್ಟೇ ಜಾಗ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ್ದರಿಂದ ಒಬ್ಬನೇ ಇರುವುದು ನನಗೆ ರೂಢಿಯಾಗಿದೆ ಎಂದು ತಿಳಿದುಕೊಂಡಿದ್ದೆ. ಅದು ಎಂಥ ತಪ್ಪು ತಿಳಿವಳಿಕೆ ಎಂಬುದು ಮುಂದಿನ ಇಪ್ಪತ್ತೆಂಟು ದಿನಗಳಲ್ಲಿ ಗೊತ್ತಾಯಿತು.

ಸಂಜೆ ಗೇಟಿನಲ್ಲಿ ಮೊಬೈಲ್ ವಾಪಸು ತೆಗೆದುಕೊಂಡಾಗ ನನ್ನ ಆಸ್ಟ್ರೇಲಿಯಾ ವೀಸಾ ಅರ್ಜಿ ನೋಡಿಕೊಳ್ಳುತ್ತಿದ್ದ ಹುಬ್ಬಳ್ಳಿಯ ಏಜೆಂಟರ ಆರು ಕರೆ ಬಂದಿದ್ದವು. ತಿರುಗಿ ಮಾಡಿದೆ.

"ಒಂದ ಕಾಗದ ಕೇಳ್ಯಾರ ನೋಡ್ರಿ. ಮಗಳ ಜನ್ಮ ದಾಖಲೆ. ಇಪ್ಪತ್ತೆಂಟ ದಿನದಾಗ ಕಳಸಬೇಕು. ಐತಿಲ್ಲೊ?"

"ಐತ್ರಿ," ಎಂದೆ.

ಎಲ್ಲಿದೆ ಎಂದು ಹೇಳಲಿಲ್ಲ. ಅದಿದ್ದದ್ದು ಮುಂಡಗೋಡ ತಾಲೂಕಿನ ಚಿಗಳ್ಳಿಯಲ್ಲಿ, ನನ್ನ ಅಣ್ಣನ ಮನೆಯಲ್ಲಿ. ಅದರಲ್ಲಿ ತಂದೆಯ ಹೆಸರು ಎಂಬಲ್ಲಿ ಇದ್ದದ್ದು ಅಣ್ಣನ ಹೆಸರು. ಅರ್ಜಿಯಲ್ಲಿ ನಾವು ತಂದೆ ಎಂದು ಬರೆದದ್ದು ನನ್ನ ಹೆಸರು.

ಇದರಲ್ಲಿ ಗುಟ್ಟೇನೂ ಇಲ್ಲ. ಹುಡುಗಿಗೆ ನಾಲ್ಕು ವರ್ಷವಿದ್ದಾಗ ನನ್ನ ಹೆಂಡತಿ ಚಿಗಳ್ಳಿಗೆ ಪಂಚಮಿಗೆ ಹೋದವಳು, "ನಾಕ ದಿನ ಇರ್ಲಿ" ಎಂದು ಕಂಕುಳಲ್ಲಿ ಎತ್ತಿಕೊಂಡು ಬಂದಳು. ನಮಗೆ ಮಕ್ಕಳಿರಲಿಲ್ಲ. ಅಣ್ಣ ಮತ್ತು ಅವನ ಹೆಂಡತಿ, ನಮ್ಮ ವೈನಿ, ಬೆಳಗಾದರೆ ಹೊಲಕ್ಕೆ ಹೋಗುವವರು, ಅವಳ ಹಿಂದೆ ಇನ್ನೊಂದು ಕೂಸು ತೊಟ್ಟಿಲಲ್ಲಿತ್ತು. ನಾಲ್ಕು ದಿನ ನಾಲ್ಕು ತಿಂಗಳಾಯಿತು. ಶಾಲೆಗೆ ಹೆಸರು ಹಚ್ಚಲು ಹೋದಾಗ ಗುಮಾಸ್ತರು ತಂದೆಯ ಹೆಸರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ನನ್ನ ಹೆಸರು ಹೇಳಿಬಿಟ್ಟಳು. ಗುಮಾಸ್ತರು ಬರೆದುಕೊಂಡರು. ದಾಂಡೇಲಿಯ ಅಂಬೇವಾಡಿಯ ನಮ್ಮ ಓಣಿಯಲ್ಲಿ ಹೀಗೆ ಬರೆಸಿದವರು ನಾವೊಬ್ಬರೇ ಅಲ್ಲ. ಗಿರಣಿಯ ಕೆಲಸಕ್ಕೆಂದು ಧಾರವಾಡ, ಬೆಳಗಾವಿ ಕಡೆಯಿಂದ ಬಂದವರ ಮನೆಗಳಲ್ಲಿ ತಂಗಿಯ ಮಗ, ಮೈದುನನ ಮಗಳು ಎಂದು ಒಂದಾದರೂ ಊರಿನ ಕೂಸು ಇದ್ದೇ ಇರುತ್ತಿತ್ತು. ಸಾಕುವವರ ಹೆಸರು ಹಚ್ಚುವುದು ನಮ್ಮಲ್ಲಿ ಯಾರಿಗೂ ತಪ್ಪೆನಿಸಿದ್ದಿಲ್ಲ. ಶಾಲೆಯಿಂದ ಆ ಹೆಸರು ರೇಷನ್ ಕಾರ್ಡಿಗೆ ಹೋಯಿತು, ಅಲ್ಲಿಂದ ಆಧಾರಿಗೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಕೊನೆಗೆ ಪಾಸ್‌ಪೋರ್ಟಿಗೆ. ಮನೆಯಲ್ಲಿ ಮಾತ್ರ ಅವಳು ನನ್ನನ್ನು ಕರೆದದ್ದು ಕಾಕಾ ಎಂದೇ, ನನ್ನ ಹೆಂಡತಿಯನ್ನು ಚಿಗವ್ವ ಎಂದೇ. ಸೂಟಿಯಲ್ಲಿ ಚಿಗಳ್ಳಿಗೆ ಹೋಗಿ ಅಪ್ಪ, ಅವ್ವ ಎಂದು ಮಾತಾಡಿ ಬರುತ್ತಿದ್ದಳು.

ಮೂರು ವರ್ಷದ ಹಿಂದೆ ಹೆಂಡತಿ ಕಾಯಿಲೆಯಿಂದ ತೀರಿಕೊಂಡಳು. ಆಮೇಲೆ ಮನೆಯಲ್ಲಿ ಉಳಿದದ್ದು ನಾವಿಬ್ಬರೇ. ಅವಳು ಎಂಟನೆಯ ಇಯತ್ತೆ, ನಾನು ಅನ್ನ ಮಾಡಲು ಬಾರದ ಗಂಡಸು. ನನ್ನ ಜೊತೆ ಬೆಸುಗೆ ಕಲಿತು ಆಸ್ಟ್ರೇಲಿಯಾ ಸೇರಿದ ಗೆಳೆಯನೊಬ್ಬ ಒಂದು ದಿನ ಫೋನಿನಲ್ಲಿ, "ನಿನ್ನಂಥಾವರನ್ನ ಇಲ್ಲಿ ಹುಡುಕಾಕತ್ತಾರ. ಹುಡುಗೀನೂ ಕರಕೊಂಡ ಬಾ, ಛಲೋ ಸಾಳಿ ಕಲೀತಾಳ" ಎಂದ. ನಾನು ನಕ್ಕು ಬಿಟ್ಟೆ. ಹುಡುಗಿ ಬಿಡಲಿಲ್ಲ. ನನ್ನನ್ನು ಅಡುಗೆಮನೆಯ ಹೊಸ್ತಿಲ ಮೇಲೆ ಕೂಡಿಸಿ ತಾನು ರೊಟ್ಟಿ ಬಡಿಯುತ್ತ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವಳು. ನಾನು ತಡವರಿಸಿದರೆ ಆ ರೊಟ್ಟಿ ಹಂಚಿನ ಮೇಲೇ ಇರುತ್ತಿತ್ತು. ಸುಟ್ಟ ರೊಟ್ಟಿ ಬಹಳ ತಿಂದೆ. ಎರಡನೆಯ ಸಲಕ್ಕೆ ಇಂಗ್ಲಿಷ್ ಪರೀಕ್ಷೆ ಪಾಸಾಯಿತು. ಕಸುಬಿನ ಪರೀಕ್ಷೆಗೆ ನನಗೆ ಯಾರೂ ಕಲಿಸಬೇಕಿರಲಿಲ್ಲ. ಕೊಳವೆಯ ಒಳಸುತ್ತಿನ ಬೆಸುಗೆಯನ್ನು ಎಕ್ಸ್‌ರೇ ಹಿಡಿದು ನೋಡಿದ ಪರೀಕ್ಷಕರು ಎರಡನೆಯ ಸಲ ನೋಡಲಿಲ್ಲ.

ಆಮೇಲೆ ಅರ್ಜಿ. ಅದರಲ್ಲಿ ಕುಟುಂಬದ ಪುಟವೇ ಬೇರೆ ಇದೆ. ಜೊತೆಗೆ ಬರುವವರು, ಬಾರದವರು, ಯಾರನ್ನೂ ಬಿಡದೆ ಬರೆಯಬೇಕು. ಏಜೆಂಟರು ರೇಷನ್ ಕಾರ್ಡು ಮುಂದಿಟ್ಟುಕೊಂಡು "ಹೆಂಡತಿ ತೀರ್ಯಾರ, ಮಗಳು ಒಬ್ಬಾಕಿ" ಎಂದು ಟೈಪ್ ಮಾಡಿದರು. ನಾನು ಪಕ್ಕದಲ್ಲಿ ಕೂತು ತಲೆಯಾಡಿಸಿದೆ. ಸುಳ್ಳು ಹೇಳುತ್ತಿದ್ದೇನೆಂದು ಆ ಹೊತ್ತಿನಲ್ಲಿ ನನಗೆ ಸಾಸಿವೆಯಷ್ಟೂ ಅನಿಸಿರಲಿಲ್ಲ. ಅವಳ ಶಾಲೆಯ ದಾಖಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲವೂ ಒಂದೇ ಮಾತು ಹೇಳುತ್ತಿದ್ದವು. ಸಂಜೆ ಅಣ್ಣನಿಗೆ ಫೋನ್ ಮಾಡಿ ಕುಟುಂಬದ ಪುಟ ಮುಗಿಯಿತೆಂದೆ. "ನನ್ನ ಹೆಸರು ಹಾಕಿದಿಲ್ಲೊ?" ಎಂದು ಕೇಳಿದ. ಇಲ್ಲ, ಅದರಲ್ಲಿ ಅಣ್ಣತಮ್ಮಂದಿರು ಬರುವುದಿಲ್ಲ ಎಂದೆ. "ಅಣ್ಣನ್ನ ಬಿಟ್ಟ ಎಂಥಾ ಫ್ಯಾಮಿಲಿಲೇ ಅದು?" ಎಂದು ಸ್ವಲ್ಪ ಬೇಜಾರಾದ.

ಹೀಗೆ ಇದ್ದಾಗ ಬಂದದ್ದು ಆ ಪತ್ರ.

ಮೊದಲ ವಾರ ನಾನು ಯಾರಿಗೂ ಹೇಳಲಿಲ್ಲ. ಶಟ್‌ಡೌನ್ ಬಿಟ್ಟು ಹೋಗುವಂತಿರಲಿಲ್ಲ. ಹಗಲೆಲ್ಲ ಬಾಯ್ಲರಿನೊಳಗೆ ಅದೇ ಯೋಚನೆ. ಊಟಕ್ಕೆ ಹೊರಗೆ ಬಂದರೆ ಜೊತೆಯವರು, "ಯಾವಾಗ ಹಾರೂದು ವಿಮಾನ?" ಎಂದು ಕಿಚಾಯಿಸುವರು. ನಾನೂ ನಗುವೆ. ಇಂಥ ಮಾತನ್ನು ಹಂಚಿಕೊಳ್ಳಲು ನನಗಿದ್ದವಳು ಹೆಂಡತಿ ಒಬ್ಬಳೇ. ಆ ವಾರದಲ್ಲಿ ಅವಳು ಇಲ್ಲದ್ದು ನನಗೆ ಅವಳು ಸತ್ತ ವಾರಕ್ಕಿಂತ ಹೆಚ್ಚು ಗೊತ್ತಾಯಿತು. ಆಗ ಮನೆ ತುಂಬ ಜನರಾದರೂ ಇದ್ದರು.

ಎಂಟನೆಯ ದಿನ ರಜೆ ಹಾಕಿ ಯಲ್ಲಾಪುರದಲ್ಲಿ ಬಸ್ ಬದಲಿಸಿ ಚಿಗಳ್ಳಿಗೆ ಹೋದೆ. ವೈನಿ ಟ್ರಂಕಿನ ತಳದಿಂದ ಪ್ಲಾಸ್ಟಿಕ್ ಚೀಲದಲ್ಲಿದ್ದ ಪ್ರಮಾಣಪತ್ರ ತೆಗೆದುಕೊಟ್ಟಳು. ಹನ್ನೆರಡು ವರ್ಷ ಯಾರಿಗೂ ಬೇಡವಾಗಿದ್ದ ಕಾಗದ ಮಡಿಕೆ ಕೂಡ ಬೀಳದೆ ಹೊಸದಾಗೇ ಇತ್ತು. ಯಾಕೆ ಬೇಕು ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಚಹಾ ಕುಡಿದು ಮಧ್ಯಾಹ್ನದ ಬಸ್ಸಿಗೆ ಹುಬ್ಬಳ್ಳಿಗೆ ಹೋದೆ.

ಏಜೆಂಟರು ಅದನ್ನು ಓದಿ ಕುರ್ಚಿಗೆ ಒರಗಿದರು.

"ಇದನ್ನ ಮೊದಲ ಹೇಳಬಾರದೇನ್ರಿ?"

"ನೀವು ಕೇಳಲಿಲ್ರಿ."

"ನಾ ಏನಂತ ಕೇಳ್ಲಿ? ನಿಮ್ಮ ಮಗಳು ಖರೇನ ನಿಮ್ಮ ಮಗಳೇನ್ರಿ ಅಂತ ಕೇಳ್ಲಿ?"

ಅವರ ಮಾತೂ ಸರಿಯಾಗಿತ್ತು. ಎದ್ದು ಬಾಗಿಲು ಮುಂದೆ ಮಾಡಿ ಬಂದರು. ಗುರುತಿನವರೊಬ್ಬರಿದ್ದಾರೆ, ಬೇಕಾದ ಹೆಸರಿನಲ್ಲಿ ಪ್ರಮಾಣಪತ್ರ ತಯಾರಾಗುತ್ತದೆ, ಉಳಿದ ಎಲ್ಲ ದಾಖಲೆಯಲ್ಲಿ ನನ್ನ ಹೆಸರೇ ಇರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ ಎಂದರು. "ಹನ್ನೆರಡ ವರ್ಷ ಸಾಕೀರಿ. ದೇವರು ಕೇಳಿದ್ರೂ ನಿಮ್ಮ ಮಗಳ ಅಂತಾನ. ಒಂದ ಕಾಗದ ಸಲುವಾಗಿ ಯಾಕ ಕೈ ಬಿಡ್ತೀರಿ?"

ನಾನು ದೊಡ್ಡ ಸತ್ಯವಂತನ ಹಾಗೆ ಎದ್ದು ಬರಲಿಲ್ಲ. ಎರಡು ದಿನದಲ್ಲಿ ಹೇಳುತ್ತೇನೆ ಎಂದು ಬಂದೆ. ಆ ಎರಡು ದಿನ ನನ್ನ ಮನಸ್ಸು ಒಳಗೊಳಗೇ ಹೂಂ ಎಂದಾಗಿತ್ತು. ಸಾಕಿದ್ದು ನಾನು, ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದ್ದು ನಾನು. ಯಾವ ದೇಶದ ಯಾವ ಅಧಿಕಾರಿ ಬಂದು ಅಲ್ಲ ಎನ್ನುತ್ತಾನೆ ಎಂದು ಸಿಟ್ಟೂ ಬರುತ್ತಿತ್ತು. ಆದರೆ ಕೈ ಕಸುಬು ಸುಮ್ಮನಿರಲು ಬಿಡಲಿಲ್ಲ. ಬಿರುಕಿನ ಮೇಲೆ ಬೆಸುಗೆ ಎಳೆದರೆ ಕಣ್ಣಿಗೆ ಚೆಂದವೇ ಕಾಣುತ್ತದೆ, ಎಕ್ಸ್‌ರೇ ಹಿಡಿದರೆ ಒಳಗಿನ ಬಿರುಕು ಹಾಗೇ ಇರುತ್ತದೆ. ಅಂಥ ಕೆಲಸ ಮಾಡಿದವರನ್ನು ನಾನೇ ಎಷ್ಟೋ ಸಲ ಬೈದಿದ್ದೇನೆ.

ಬೇರೆ ದಾರಿ ಇದೆಯೇ ಎಂದು ಕೇಳಲು ಹಳಿಯಾಳದ ವಕೀಲರೊಬ್ಬರ ಬಳಿ ಹೋದೆ. ಈಗಲಾದರೂ ದತ್ತಕ ಮಾಡಿಕೊಂಡರೆ ಆಗುವುದಿಲ್ಲವೇ ಎಂದೆ. ವಕೀಲರು ಹುಡುಗಿಯ ವಯಸ್ಸು ಕೇಳಿದರು. ಹದಿನಾರು.

"ಹದಿನೈದು ತುಂಬೂದ್ರೊಳಗ ಆಗಬೇಕಿತ್ರಿ. ನಮ್ಮ ಜಾತ್ಯಾಗ ಆಮ್ಯಾಲೂ ತಗೊಳ್ಳೂ ರೂಢಿ ಐತಿ ಅಂತ ಇದ್ರ ಅದನ್ನ ಕೋರ್ಟಿನಾಗ ಸಾಧಿಸಬೇಕು. ಅದು ಇಪ್ಪತ್ತ ದಿನದ ಕೆಲಸಲ್ಲ. ಮತ್ತ ಅವರು, ಅರ್ಜಿ ಹಾಕಿದ ಮ್ಯಾಲೆ ಮಾಡಿದ್ದನ್ನ ಒಪ್ಪತಾರಂತ ನಾ ಹೇಳಂಗಿಲ್ಲ."

ಹೆಂಡತಿ ಈ ಮಾತನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಎರಡು ಸಲ ಎತ್ತಿದ್ದಳು. "ಒಂದ ದತ್ತಕ ಪತ್ರ ಮಾಡಿಸಿ ಇಡ್ರಿ, ನಾಳೆ ಯಾರರ ಕೇಳಿದ್ರ?" ಎಂದಿದ್ದಳು. ಆಗ ಹುಡುಗಿಗೆ ಹದಿಮೂರು. ಅಣ್ಣನ ಮುಂದೆ ಹೋಗಿ ಕಾಗದ ಮಾಡೋಣ ಎನ್ನಲು ನನಗೆ ನಾಚಿಕೆ. ಅಣ್ಣತಮ್ಮಂದಿರ ನಡುವೆ ಕಾಗದ ಎಂಥದ್ದು ಎಂದು ಅವಳ ಬಾಯಿ ಮುಚ್ಚಿಸಿದ್ದೆ. ವಕೀಲರ ಕಚೇರಿಯ ಮೆಟ್ಟಿಲ ಮೇಲೆ ಕೂತು, ಸತ್ತವಳ ಹತ್ತಿರ ಕ್ಷಮೆ ಕೇಳಿದೆ. ಕೋರ್ಟಿಗೆ ಬಂದವರು ನನ್ನ ಕಾಲು ದಾಟಿ ಹೋಗುತ್ತಿದ್ದರು.

ಇನ್ನು ಹುಡುಗಿಗೆ ಹೇಳದೆ ಉಪಾಯವಿರಲಿಲ್ಲ. ಭಾನುವಾರ ಅವಳನ್ನು ಮೌಳಂಗಿಗೆ ಕರೆದುಕೊಂಡು ಹೋದೆ. ಹೊಳೆಯ ದಂಡೆಯಲ್ಲಿ ಪ್ರವಾಸಿಗರು ತೆಪ್ಪ ಹತ್ತಿ ಕೂಗುತ್ತಿದ್ದರು. ಎಲ್ಲವನ್ನೂ ಹೇಳಿದೆ, ಏಜೆಂಟರು ಬಾಗಿಲು ಮುಂದೆ ಮಾಡಿ ಹೇಳಿದ್ದನ್ನೂ. ಅವಳು ಮೊಬೈಲ್ ತೆಗೆದು ಆಸ್ಟ್ರೇಲಿಯಾದ ವೀಸಾ ಇಲಾಖೆಯ ನಿಯಮಗಳನ್ನು ಓದಲು ಕೂತಳು. ಅರ್ಧ ಗಂಟೆ ಓದಿದಳು. ನಾನು ನೀರು ನೋಡುತ್ತ ಕೂತೆ.

"ಕಾಕಾ, ಸುಳ್ಳ ಕಾಗದ ಹಾಕಿ ಸಿಕ್ಕ ಬಿದ್ರ ನಿನಗ ಒಬ್ಬಗ ಅಲ್ಲ, ನನಗೂ ಬಾಗಲ ಹಾಕ್ತಾರ. ಇಬ್ರ ಹೆಸರೂ ಒಂದ ಅರ್ಜ್ಯಾಗ ಅದಾವು."

"ಹಂಗಾರ ಅರ್ಜೀನ ವಾಪಸ್ ತಗೊಳ್ಳೂಣು. ನಿನ್ನ ಬಿಟ್ಟ ನಾ ಅಲ್ಲಿ ಹೋಗಿ ಏನ್ ಮಾಡ್ಲಿ?"

ಅವಳಿಗೆ ಸಿಟ್ಟು ಬಂತು. "ಎರಡ ವರ್ಷ ರೊಟ್ಟಿ ಸುಟ್ಟೇನಿ ನಾ. ವಾಪಸ್ ಅಂತ ವಾಪಸ್! ಖರೇ ಬರದ ಕಳಸು. ನೀ ಮುಂದ ಹೋಗು. ನಾ ಪಿಯುಸಿ ಮುಗಿಸಿ ಕಲಿಯಾಕ ಅಂತ ನನ್ನ ಹೆಸರಲೇ ಅರ್ಜಿ ಹಾಕ್ತೇನಿ. ಆವಾಗ ನನ್ನ ಫೈಲಿನ ಮ್ಯಾಲೆ ಕಲೆ ಇರಬಾರದು."

ಅವಳು ಅಷ್ಟು ಚೆನ್ನಾಗಿ ಯೋಚಿಸಿದ್ದಳು. ನನಗೆ ಹೆಮ್ಮೆಯಾಗಬೇಕಿತ್ತು, ಆಗಲಿಲ್ಲ. ಖರೆ ಬರೆದು ಕಳಿಸುವುದೆಂದರೆ ಅವಳು ನನ್ನ ಮಗಳಲ್ಲ ಎಂದು ಬರೆದು ಕಳಿಸುವುದು. ಮರುದಿನ ಏಜೆಂಟರಿಗೆ ಫೋನ್ ಮಾಡಿ ಖೋಟಾ ಕಾಗದ ಬೇಡ, ನಿಜವನ್ನೇ ತಿಳಿಸೋಣ ಎಂದೆ. ಉಳಿದದ್ದು ಹದಿನಾರು ದಿನ.

ಕೊಟ್ಟ ಉತ್ತರ ತಪ್ಪಾಗಿದ್ದರೆ ತಿಳಿಸಲು ಇಲಾಖೆಯಲ್ಲಿ ಬೇರೆಯದೇ ಒಂದು ಅರ್ಜಿ ಇದೆ. ಯಾವ ಪ್ರಶ್ನೆ, ಏನು ಉತ್ತರಿಸಿದ್ದಿರಿ, ಸರಿಯಾದ ಉತ್ತರವೇನು, ತಪ್ಪು ಯಾಕಾಯಿತು ಎಂದು ನಾಲ್ಕು ಕಡೆ ತುಂಬಬೇಕು. ಅದರ ಜೊತೆಗೆ ಜನನ ಪ್ರಮಾಣಪತ್ರ, ನಾನು ಮತ್ತು ಅಣ್ಣ ನೋಟರಿಯ ಮುಂದೆ ಮಾಡಬೇಕಾದ ಅಫಿಡವಿಟ್, ಶಾಲೆಯ ದಾಖಲೆ ತಿದ್ದಲು ಕೊಟ್ಟ ಅರ್ಜಿಯ ಪ್ರತಿ. ತಪ್ಪು ಯಾಕಾಯಿತು ಎಂಬಲ್ಲಿ ಏಜೆಂಟರು ಗುಮಾಸ್ತನ ಕೈತಪ್ಪು ಎಂದು ಬರೆದು ತೋರಿಸಿದರು. ಅಳಿಸಿ ಎಂದೆ. ಹನ್ನೆರಡು ವರ್ಷದ ಹಿಂದೆ ಆ ಗುಮಾಸ್ತರು ನಮ್ಮ ಬಾಯಿಂದ ಬಂದದ್ದನ್ನೇ ಬರೆದಿದ್ದರು. ಅವರ ತಲೆಗೆ ಕಟ್ಟುವುದು ಮತ್ತೊಂದು ಸುಳ್ಳಾಗುತ್ತಿತ್ತು. "ನಮ್ಮ ಕಡೆ ಮಗುವನ್ನು ಸಾಕುವವರ ಹೆಸರಿಗೆ ಬರೆಸುತ್ತೇವೆ. ನಾವೂ ಬರೆಸಿದೆವು. ನಿಮ್ಮ ಪ್ರಶ್ನೆಯ ಅರ್ಥ ಬೇರೆ ಎಂದು ನನಗೆ ತಿಳಿಯಲಿಲ್ಲ" ಎಂದು ನಾನು ಕನ್ನಡದಲ್ಲಿ ಹೇಳಿದೆ. ಹುಡುಗಿ ಫೋನಿನಲ್ಲಿ ಇಂಗ್ಲಿಷ್ ಮಾಡಿ ಹೇಳಿದಳು. ಅದನ್ನೇ ಹಾಕಿದೆವು.

ಅಣ್ಣನನ್ನು ಒಪ್ಪಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಅಫಿಡವಿಟ್ಟಿಗೆ ಅವನೂ ಸಹಿ ಮಾಡಬೇಕಿತ್ತು. ಹಳಿಯಾಳದ ಬಸ್ ನಿಲ್ದಾಣದಲ್ಲಿ ಇಳಿದವನೇ ಜಗಳಕ್ಕೆ ನಿಂತ.

"ನಿನ್ನ ಮಗಳನ್ನ ನನ್ನ ಹೆಸರಿಗೆ ಯಾಕ ಬರಸ್ತಿಲೇ? ಕೊಟ್ಟ ಕೂಸನ್ನ ತಿರುಗಿ ತಗೊಂಡ್ರ ನಾಕ ಮಂದಿ ನನಗೇನಂತಾರ? ತಮ್ಮ ಪರದೇಶಕ್ಕ ಹೊಂಟಾನ, ಅಣ್ಣ ಕೂಸಿನ್ನ ಕಸಗೊಂಡ ಅಂತಾರ."

"ಕಸಗೊಳ್ಳಾಕ ಏನೈತಣ್ಣ? ಆಕಿ ನಿನ್ನ ಮಗಳ ಅದಾಳ."

ಅವನು ನನ್ನ ಮುಖ ನೋಡಿದ. ಅವನಿಗೆ ನಾನು ಇಷ್ಟು ವರ್ಷದಲ್ಲಿ ಹೇಳಿದ ಅತಿ ಕೆಟ್ಟ ಮಾತು ಅದೇ ಇರಬೇಕು. ಆಮೇಲೆ ಜಗಳ ಮಾಡಲಿಲ್ಲ. ನನ್ನ ಹಿಂದೆ ಹಿಂದೆ ನಡೆದು ಬಂದ.

ನೋಟರಿಯವರು ವಯಸ್ಸಾದವರು, ಕಾಯ್ದೆ ಬಿಟ್ಟು ಒಂದು ಹೆಜ್ಜೆ ಅತ್ತಿತ್ತ ಹೋಗದವರು. ಸಹಿಗೆ ಮೊದಲು ಬರೆದದ್ದನ್ನು ಅವರೇ ಗಟ್ಟಿಯಾಗಿ ಓದಿ, ಪ್ರತಿಯೊಂದಕ್ಕೂ ನಮ್ಮ ಬಾಯಿಂದ ಹೌದು ಅನ್ನಿಸುತ್ತಿದ್ದರು. ಸದರಿ ಹುಡುಗಿ ನನ್ನ ಅಣ್ಣನ ಮಗಳಿರುತ್ತಾಳೆ. ಹೌದ್ರಿ. ಶಾಲಾ ದಾಖಲೆಯಲ್ಲಿ ತಂದೆ ಎಂದು ನನ್ನ ಹೆಸರು ತಪ್ಪಾಗಿ ದಾಖಲಾಗಿರುತ್ತದೆ. ಹೌದ್ರಿ. ನನಗೂ ನನ್ನ ಮೃತ ಪತ್ನಿಗೂ ಮಕ್ಕಳಿರುವುದಿಲ್ಲ.

ಅಲ್ಲಿ ನಾನು ನಿಂತುಬಿಟ್ಟೆ. ಮದುವೆಯಾದ ಮೊದಲ ವರ್ಷಗಳಲ್ಲಿ ಜನ ಕೇಳಿದಾಗ "ಇನ್ನೂ ಇಲ್ರಿ" ಎನ್ನುತ್ತಿದ್ದೆವು. ಹುಡುಗಿ ಬಂದ ಮೇಲೆ ಆ ಪ್ರಶ್ನೆಗೆ ಉತ್ತರ ಮನೆಯಲ್ಲೇ ಓಡಾಡುತ್ತಿತ್ತು. ಮಕ್ಕಳಿಲ್ಲ ಎಂಬ ಮಾತನ್ನು ನಾನಾಗಲಿ ಹೆಂಡತಿಯಾಗಲಿ ಒಮ್ಮೆಯೂ ಪೂರ್ತಿ ಹೇಳಿದ್ದಿಲ್ಲ. ನೋಟರಿಯವರು ಕನ್ನಡಕದ ಮೇಲಿಂದ ನೋಡಿ ಮತ್ತೊಮ್ಮೆ ಓದಿದರು. ಅಣ್ಣ ಗೋಡೆಯ ಕಡೆ ತಿರುಗಿ ನಿಂತಿದ್ದ.

"ಹೌದ್ರಿ, ಇಲ್ಲ," ಎಂದೆ. ಮುದ್ರೆ ಬಿತ್ತು.

ಶಾಲೆಯಲ್ಲಿ ಕೆಲಸ ಸುಲಭವಾಗಿ ಆಯಿತು. ಜನನ ಪ್ರಮಾಣಪತ್ರ ಇದ್ದದ್ದರಿಂದ ಮುಖ್ಯೋಪಾಧ್ಯಾಯರು ಮೇಲಿನವರಿಗೆ ಬರೆದು ಕಳಿಸಲು ಒಪ್ಪಿದರು. ಇಪ್ಪತ್ತಾರನೆಯ ದಿನ ಎಲ್ಲವನ್ನೂ ಒಟ್ಟುಗೂಡಿಸಿ ಏಜೆಂಟರ ಕಂಪ್ಯೂಟರಿನಿಂದ ಕಳಿಸಿದೆವು. ಅರ್ಜಿಯಿಂದ ಅವಳ ಹೆಸರು ತೆಗೆಯಬೇಕೆಂಬ ಕೋರಿಕೆಯೂ ಅದರಲ್ಲೇ ಇತ್ತು. ಇಡೀ ಅರ್ಜಿಯೇ ಬಿದ್ದುಹೋಗಬಹುದು, ಎದೆ ಗಟ್ಟಿ ಮಾಡಿಕೊಳ್ಳಿ ಎಂದು ಏಜೆಂಟರು ಹೇಳಿ ಕಳಿಸಿದರು.

ಆಮೇಲೆ ಕಾಯುವುದು. ನಾವಿಬ್ಬರೂ ಮೊದಲಿನ ಹಾಗೇ ಇದ್ದೆವು, ಮೊದಲಿನ ಹಾಗೇ ಇರಲು ಪ್ರಯತ್ನಪಡುತ್ತಿದ್ದೆವು ಎಂದರೆ ಸರಿ. ಅವಳು ಕಾಲೇಜಿಗೆ ಹೋಗುವಳು, ನಾನು ಕೆಲಸ ಇದ್ದರೆ ಕೆಲಸಕ್ಕೆ. ಒಂದು ದಿನ ಕಾಲೇಜಿನಲ್ಲಿ ಪಾಲಕರ ಸಹಿ ಬೇಕಿತ್ತು. ಮೊದಲಾಗಿದ್ದರೆ ಪುಸ್ತಕ ನನ್ನ ತಾಟಿನ ಪಕ್ಕಕ್ಕೆ ಬಂದು ಬೀಳುತ್ತಿತ್ತು. ಅವತ್ತು ಅವಳು ಅದನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತಳು, ಯಾರ ಸಹಿ ಎಂದು ಅವಳಿಗೇ ತಿಳಿಯದೆ. ನಾನು ಕೈ ಚಾಚಿ ಇಸಿದುಕೊಂಡು ಮಾಡಿದೆ. ಎರಡು ತಿಂಗಳ ಮೇಲೆ ತಿದ್ದಿದ ಅಂಕಪಟ್ಟಿ ಬಂತು. ಅವಳು ಅದನ್ನು ನನಗೆ ತೋರಿಸಲಿಲ್ಲ. ಕಪಾಟಿನಲ್ಲಿ ಹೆಂಡತಿಯ ಸೀರೆಗಳ ಕೆಳಗೆ ಇಟ್ಟಿದ್ದು ನನಗೆ ಇನ್ನೇನೋ ಹುಡುಕುವಾಗ ಕಂಡಿತು. ತೆಗೆದು ಓದಿದೆ. ತಂದೆಯ ಹೆಸರಿನ ಮುಂದೆ ನಮ್ಮಣ್ಣನ ಹೆಸರು. ಚಿಕ್ಕವರಿದ್ದಾಗ ನನ್ನ ಸಲುವಾಗಿ ಎಷ್ಟೋ ಪೆಟ್ಟು ತಿಂದವನು ಅವನು. ಆದರೂ ಆ ಹೆಸರು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ.

ಐದನೆಯ ತಿಂಗಳಲ್ಲಿ ವೀಸಾ ಬಂತು. ನಮ್ಮ ವಿವರಣೆಯನ್ನು ಒಪ್ಪಿದ್ದರು. ಒಂದೇ ಹೆಸರು, ನನ್ನದು. ಹುಡುಗಿ ಓಣಿಗೆಲ್ಲ ಸಕ್ಕರೆ ಹಂಚಿ ಬಂದಳು. ಒಳಗೆ ಬಂದು ಹೊತ್ತಲ್ಲದ ಹೊತ್ತಿನಲ್ಲಿ ತಿಕ್ಕಿದ ಪಾತ್ರೆಗಳನ್ನೇ ಮತ್ತೆ ತಿಕ್ಕಲು ಕೂತಳು.

ನಾನು ಹೋದ ಮೇಲೆ ಅಂಬೇವಾಡಿಯಲ್ಲಿ ಅವಳೊಬ್ಬಳೇ ಇರುವಂತಿರಲಿಲ್ಲ. ಮುಂಡಗೋಡದ ಕಾಲೇಜಿಗೆ ಹೆಸರು ವರ್ಗ ಮಾಡಿಸಿ, ಹಾಸಿಗೆ, ಪುಸ್ತಕ, ಬಟ್ಟೆ ಕಟ್ಟಿ ಚಿಗಳ್ಳಿಗೆ ಬಿಡಲು ಹೋದೆವು. ವೈನಿ ಒಂದು ಮೂಲೆ ಸಾರಿಸಿ, ಗೋಡೆಯ ಹಲಗೆಯ ಮೇಲಿದ್ದ ಡಬ್ಬಿಗಳನ್ನೆಲ್ಲ ಇಳಿಸಿ ಪುಸ್ತಕಕ್ಕೆಂದು ಜಾಗ ಮಾಡಿದ್ದಳು. ಹುಡುಗಿ ತನ್ನ ತಮ್ಮನ ಜೊತೆ ಒಳಗೆ ಪುಸ್ತಕ ಜೋಡಿಸುತ್ತಿದ್ದಳು. ನನ್ನನ್ನು ಬಿಡಲು ಅವಳು ಬಸ್ಸಿನವರೆಗೆ ಬರುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಅಣ್ಣ ಹೊಲದ ನೆವ ಹೇಳಿ ಹೋಗಿಬಿಟ್ಟ. ಬಸ್ ನಿಲ್ಲುವ ಕಟ್ಟೆಯವರೆಗೆ ಬಂದವಳು ವೈನಿ ಒಬ್ಬಳೇ.

ನಾವಿಬ್ಬರೂ ಕಟ್ಟೆಯ ಮೇಲೆ ಕೂತೆವು. ಬಹಳ ಹೊತ್ತು ಅವಳು ಸೆರಗಿನ ತುದಿ ಸುತ್ತುತ್ತ ಕೂತಿದ್ದಳು.

"ತಮ್ಮಾ, ಒಂದ ಮಾತ ಕೇಳ್ಲಿ? ಆಕಿ ಮುಂಜಾನೆ ಎದ್ದ ಏನ್ ತಿಂತಾಳ?"

ನನಗೆ ಮೊದಲು ಅರ್ಥವಾಗಲಿಲ್ಲ.

"ಸೂಟ್ಯಾಗ ಬಂದಾಗ ಹಾಕಿದ್ದ ತಿಂದ ಹೋಗ್ತಿದ್ಲು, ಬೀಗರ ಮನೀಗೆ ಬಂದಂಗ. ಖರೇ ಏನ್ ಸೇರತೈತಿ ಅನ್ನೂದು ನನಗ ಗೊತ್ತಿಲ್ಲೊ. ಹೆತ್ತಾಕಿ ನಾನ, ನಿನ್ನ ಕೇಳಬೇಕಾಗೇತಿ."

ಅವಳ ಕಣ್ಣು ತುಂಬಿದ್ದವು. ಹೊಟ್ಟೆಕಿಚ್ಚು ಪಟ್ಟ ನನಗೆ ಆ ಕ್ಷಣ ಭೂಮಿಗಿಳಿದು ಹೋಗುವಂತಾಯಿತು. ಹನ್ನೆರಡು ವರ್ಷ ನಾನು ತುಂಬಿದ ಮನೆಯಲ್ಲಿದ್ದೆ, ಇವಳು ಮಾತ್ರ ಮಗಳನ್ನು ಟ್ರಂಕಿನ ತಳದ ಕಾಗದದಲ್ಲಿ ಇಟ್ಟುಕೊಂಡಿದ್ದಳು. ಅದನ್ನು ನಾನು ಒಂದು ದಿನವೂ ಯೋಚಿಸಿರಲಿಲ್ಲ.

"ಚಹಾದಾಗ ರೊಟ್ಟಿ ಅದ್ದಕೊಂಡ ತಿಂತಾಳ ವೈನಿ," ಎಂದೆ. "ನಿನ್ನೀ ರೊಟ್ಟಿನ ಆಗಬೇಕು. ಮತ್ತ ಎದ್ದ ಕೂಡ್ಲೆ ಮಾತಾಡ್ಸಬ್ಯಾಡ್ರಿ. ಮಾರಿ ತೊಳಕೊಂಡ ಬರೂತನಕಾ ಸಿಟ್ಟಿನ್ಯಾಗ ಇರ್ತಾಳ."

"ಮತ್ತ?"

"ಮೆಂತೆ ಪಲ್ಲೆ ಮುಟ್ಟಂಗಿಲ್ಲ. ಪರೀಕ್ಷಾ ಬಂತಂದ್ರ ಹೊಟ್ಟಿ ಕಡೀತೈತಿ ಅಂತಾಳ. ಅದು ಹೊಟ್ಟೀದಲ್ಲ, ಹೆದರಿಕೀದು. ಬಾಜೂಕ ಸುಮ್ನ ಕುಂತ್ರ ಸಾಕು."

"ಮತ್ತ?"

"ಸಿಟ್ಟ ಬಂದ್ರ ಬೈಯಂಗಿಲ್ಲ. ತಿಕ್ಕಿದ ಭಾಂಡೆ ತಿರುಗಿ ತಿಕ್ಕತಾಳ. ಆವಾಗ ಏನಾತಂತ ಕೇಳಬ್ಯಾಡ್ರಿ, ತಾನ ಬಂದ ಹೇಳ್ತಾಳ. ಚಿಗವ್ವನ ಹಸರ ಸೀರಿ ಒಂದೈತಿ, ಹೊತ್ತಕೊಂಡ ಮಲಗ್ತಾಳ. ಹಳೇದಾತಂತ ಅದನ್ನ ತೆಗದ ಇಡಬ್ಯಾಡ್ರಿ."

ವೈನಿ ತುಟಿ ಅಲುಗಿಸುತ್ತ ಒಂದೊಂದನ್ನೂ ತನ್ನಷ್ಟಕ್ಕೆ ಇನ್ನೊಮ್ಮೆ ಹೇಳಿಕೊಳ್ಳುತ್ತಿದ್ದಳು, ಮರೆತರೆ ಯಾರನ್ನು ಕೇಳಲಿ ಎಂಬಂತೆ. ಬಸ್ ಬಂತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಹತ್ತುತ್ತೀರೋ ಇಲ್ಲವೋ ಎಂದು ಕೂಗಿದ. ವೈನಿ ಎದ್ದು ನನ್ನ ಚೀಲ ಕೈಗೆ ಕೊಡಲು ಬಂದಳು.

"ನಡೀರಿ, ನಾ ಮುಂದಿನದಕ್ಕ ಬರ್ತೇನಿ," ಎಂದು ಕಂಡಕ್ಟರಿಗೆ ಹೇಳಿದೆ.

ಬಸ್ ಹೋಯಿತು. ಧೂಳು ಇಳಿದ ಮೇಲೆ ವೈನಿ ಮತ್ತೆ ಕಟ್ಟೆಯ ಮೇಲೆ ನನ್ನ ಎದುರಿಗೆ ಕೂತಳು.

"ಮತ್ತ?" ಎಂದಳು.

ನಾನು ಹೇಳುತ್ತಾ ಹೋದೆ.